ಬೂಷ್ಟು ಕೊಟ್ಟ ಕೆಂಪು ಬಣ್ಣ



2024ರ ಮಾರ್ಚ್ ತಿಂಗಳಿನಲ್ಲಿ ಎರಡು ಸುದ್ದಿಗಳು ಬಂದವು. 11ರಂದು ಕರ್ನಾಟಕ ಸರಕಾರವು ಗೋಬಿ ಮಂಚೂರಿ ಹಾಗೂ ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವು ಮಕ್ಕಳ ಹೊಟ್ಟೆ ಸೇರುತ್ತಿದ್ದುದೇ ಇದಕ್ಕೆ ಕಾರಣ. 22ರಂದು ಜಪಾನಿನ ಕೊಬಯಾಶಿ ಔಷಧ ಕಂಪನಿಯು, ಅಕ್ಕಿಯ ಮೇಲೆ ಶಿಲೀಂಧ್ರ ಬೆಳೆಸಿ ತಯಾರಿಸಿದ ತನ್ನ ಮಾತ್ರೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಂಡಿತು. ಅವುಗಳನ್ನು ಸೇವಿಸಿದವರ ಮೂತ್ರಪಿಂಡಗಳು ಕೆಟ್ಟಿದ್ದವು. ಮೊದಲನೆಯದು ಕೃತಕ ಕೆಂಪು, ಎರಡನೆಯದು ಪ್ರಕೃತಿಯ ಕೆಂಪು. ‘ಕೃತಕವೆಲ್ಲ ವಿಷ, ಸಹಜವೆಲ್ಲ ಅಮೃತ’ ಎನ್ನುವವರು ಈ ಎರಡನೆಯ ಕೆಂಪಿನ ಇತಿಹಾಸವನ್ನು ತಿಳಿಯಬೇಕು.

ಅಕ್ಕಿ ಎಂದೊಡನೆ ಸಿಂಧನೂರು ನೆನಪಾಗುತ್ತದೆ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ಮೂಲತಃ ಜೋಳದ ನಾಡು. 1945ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆಯನ್ನು ಬಹುಪಾಲು ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳಿಗೆಂದೇ ಯೋಜಿಸಿದ್ದರು. ನೀರು ಕಂಡ ಮೇಲೆ ಯೋಜನೆ ಕಾಗದದಲ್ಲಿಯೇ ಉಳಿಯಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರೂ ನಮ್ಮವರೂ ಸೇರಿ ಭತ್ತ ಬೆಳೆದರು. ಸೋನಾ ಮಸೂರಿ ಮನೆಮಾತಾಯಿತು. ಕಾಲುವೆಯ ಕೊನೆಯ ಭಾಗದ ರೈತರು ನೀರಿಗಾಗಿ ಇಂದಿಗೂ ಪರದಾಡುತ್ತಾರೆ. ಲಿಂಗಸುಗೂರಿನ ಕಡೆ ಈಗಲೂ ತೊಗರಿ, ಸಜ್ಜೆಯ ಹೊಲಗಳೇ ಹೆಚ್ಚು.

ಇಂತಹ ನಮಗೆ ಅಕ್ಕಿಯ ಮೇಲಿನ ಬೂಷ್ಟು ಎಂದರೆ ನಷ್ಟದ ಗುರುತು. ಸುಗ್ಗಿಯಲ್ಲಿ ಅಕಾಲ ಮಳೆ ಬಂದು ಭತ್ತದ ರಾಶಿ ನೆನೆದರೆ ರೈತನ ಎದೆ ಒಡೆಯುತ್ತದೆ. ಅಂಬಲಿಗೆ, ದೋಸೆಯ ಹಿಟ್ಟಿಗೆ ಹುಳಿ ಬರಿಸುವ ವಿದ್ಯೆ ನಮ್ಮ ತಾಯಂದಿರಿಗೆ ತಿಳಿದಿತ್ತು. ಬೂಷ್ಟನ್ನು ಬೇಕೆಂದೇ ಬೆಳೆಸುವ ವಿದ್ಯೆ ನಮ್ಮ ಅಡುಗೆಮನೆಯದಲ್ಲ.

ಅದು ಚೀನೀಯರ ವಿದ್ಯೆ. ಅಕ್ಕಿಯನ್ನು ನೆನೆಸಿ, ಅಗುಳು ಅಗುಳಾಗಿ ಉಳಿಯುವಂತೆ ಹಬೆಯಲ್ಲಿ ಬೇಯಿಸಿ, ಆರಿಸಿ, ಹಿಂದಿನ ಸಲದ ಕೆಂಪು ಅಕ್ಕಿಯನ್ನು ಹೆಪ್ಪಿನಂತೆ ಬೆರೆಸಿ ತೇವವಾಗಿಡುತ್ತಿದ್ದರು. ಕೆಲವು ದಿನಗಳಲ್ಲಿ ಬಿಳಿಯ ಅಗುಳು ಒಳಗಿನವರೆಗೆ ಕಡುಗೆಂಪಾಗುತ್ತಿತ್ತು. ಇದು ನಮ್ಮ ಕರಾವಳಿಯ ಕುಚ್ಚಲಕ್ಕಿಯ ಕೆಂಪಲ್ಲ. ಅಲ್ಲಿ ಬಣ್ಣವಿರುವುದು ತೌಡಿನಲ್ಲಿ. ಮದ್ಯಕ್ಕೆ, ಮಾಂಸಕ್ಕೆ, ಸೋಯಾ ಗಿಣ್ಣಿಗೆ ಚೀನೀಯರು ಇದನ್ನು ಬಳಸಿದರು. ಲಿ ಷಿಝೆನ್ 1596ರಲ್ಲಿ ಪ್ರಕಟವಾದ ತನ್ನ ಔಷಧಕೋಶದಲ್ಲಿ ಇದನ್ನು ಜೀರ್ಣಕ್ಕೂ ರಕ್ತಸಂಚಾರಕ್ಕೂ ಹಿತಕರವೆಂದು ಬರೆದನು. ಸೊಂಗ್ ಯಿಂಗ್‌ಷಿಂಗ್ 1637ರ ತನ್ನ ಕೈಗಾರಿಕಾ ಗ್ರಂಥದಲ್ಲಿ ತಯಾರಿಕೆಯ ವಿಧಾನವನ್ನು ವಿವರಿಸಿದನು.

ಈ ಶಿಲೀಂಧ್ರಕ್ಕೆ ಮೊನಾಸ್ಕಸ್ ಎಂಬ ಹೆಸರನ್ನು 1884ರಲ್ಲಿ ಕೊಟ್ಟವನು ಫ್ರಾನ್ಸಿನ ವಾನ್ ಟೀಗೆಮ್. 1895ರಲ್ಲಿ ಡಚ್ ಸಸ್ಯಶಾಸ್ತ್ರಜ್ಞ ವೆಂಟ್, ಜಾವಾದ ಕೆಂಪು ಅಕ್ಕಿಯಲ್ಲಿದ್ದ ಪ್ರಭೇದಕ್ಕೆ ಮೊನಾಸ್ಕಸ್ ಪರ್‌ಪ್ಯೂರಿಯಸ್ ಎಂದು ಹೆಸರಿಟ್ಟನು. ಅದು ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಬಗೆಯ ಬಣ್ಣಗಳನ್ನು ತಯಾರಿಸುತ್ತದೆ. ಕಿತ್ತಳೆ ಬಣ್ಣವು ಅಮೈನೋ ಆಮ್ಲಗಳೊಡನೆ ಕೂಡಿದಾಗ ಕೆಂಪಾಗುತ್ತದೆ.

ಬಣ್ಣದ ಜೊತೆಗೆ ಔಷಧವೂ ಇದೆಯೆಂದು ಗೊತ್ತಾದುದು ಬಹಳ ತಡವಾಗಿ. ಜಪಾನಿನ ಅಕಿರಾ ಎಂಡೊ ಸಾವಿರಾರು ಶಿಲೀಂಧ್ರಗಳನ್ನು ಸೋಸಿ, 1973ರಲ್ಲಿ ಕೊಲೆಸ್ಟರಾಲ್ ಇಳಿಸುವ ಮೊದಲ ಸ್ಟಾಟಿನ್ ವಸ್ತುವನ್ನು ಕಂಡುಹಿಡಿದರು. ಅದನ್ನು ಕೊಟ್ಟ ಬೂಷ್ಟು ಕ್ಯೋಟೋದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕಿತ್ತು! 1979ರಲ್ಲಿ ಅವರೇ ಮೊನಾಸ್ಕಸ್‌ನಿಂದ ಮೊನಾಕೋಲಿನ್-ಕೆ ಎಂಬುದನ್ನು ಪಡೆದರು. ಅಮೆರಿಕದಲ್ಲಿ ಇನ್ನೊಂದು ಶಿಲೀಂಧ್ರದಿಂದ ಬೇರ್ಪಡಿಸಿದ ಲೋವಾಸ್ಟಾಟಿನ್ ಇದೇ ವಸ್ತು. 1987ರಲ್ಲಿ ಅದು ಅಲ್ಲಿ ಔಷಧವಾಗಿ ಮಾನ್ಯತೆ ಪಡೆಯಿತು. ನಿಮ್ಮ ಮನೆಯ ಹಿರಿಯರು ರಾತ್ರಿ ನುಂಗುವ ಸ್ಟಾಟಿನ್ ಗುಳಿಗೆಗಳ ವಂಶವೃಕ್ಷ ಹೀಗೆ ಬೂಷ್ಟಿನಿಂದಲೇ ಮೊದಲಾಗುತ್ತದೆ.

ನಮ್ಮ ರಾಜ್ಯದಲ್ಲಿಯೂ ಈ ಕೆಲಸ ನಡೆದಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೊನಾಸ್ಕಸ್ ಬೆಳೆಸಿದ ಅಕ್ಕಿಯನ್ನು ಇಲಿಗಳಿಗೆ ತಿನ್ನಿಸಿ, ಅದರ ಸುರಕ್ಷತೆಯ ಪರೀಕ್ಷೆಯನ್ನು 2009ರಲ್ಲಿ ಪ್ರಕಟಿಸಿದರು.

ಆ ಎಚ್ಚರ ಸುಮ್ಮನೆ ಬಂದುದಲ್ಲ. ಮೊನಾಸ್ಕಸ್‌ನ ಕೆಲವು ತಳಿಗಳು ಮೂತ್ರಪಿಂಡಕ್ಕೆ ಮಾರಕವಾದ ಸಿಟ್ರಿನಿನ್ ಎಂಬ ವಿಷವನ್ನೂ ತಯಾರಿಸುತ್ತವೆಂದು 1995ರಲ್ಲಿ ತಿಳಿದುಬಂದಿತ್ತು. ಯುರೋಪ್ ಒಕ್ಕೂಟವು 2020ರಿಂದ ಇಂತಹ ಪದಾರ್ಥದ ಕಿಲೋಗೆ 100 ಮೈಕ್ರೋಗ್ರಾಂಗಿಂತ ಹೆಚ್ಚು ಸಿಟ್ರಿನಿನ್ ಇರಕೂಡದೆಂದು ವಿಧಿಸಿದೆ. ಕೊಬಯಾಶಿ ಕಂಪನಿಯ ತಳಿ ಸಿಟ್ರಿನಿನ್ ತಯಾರಿಸುವಂಥದಲ್ಲ. ಆದರೂ ಅನಾಹುತವಾಯಿತು, ನೂರಾರು ಜನ ಆಸ್ಪತ್ರೆ ಸೇರಿದರು. ಒಸಾಕಾದ ಕಾರ್ಖಾನೆಯಲ್ಲಿ ಕರೆಯದೆ ಬಂದು ಸೇರಿಕೊಂಡ ಒಂದು ನೀಲಿ ಬೂಷ್ಟು ಪ್ಯುಬೆರುಲಿಕ್ ಆಮ್ಲವನ್ನು ಉತ್ಪಾದಿಸಿತ್ತೆಂದು ಜಪಾನ್ ಸರಕಾರದ ತನಿಖೆ ತಿಳಿಸಿತು.

ಒಂಬತ್ತನೆಯ ತರಗತಿಯಲ್ಲಿ ಒದ್ದೆ ರೊಟ್ಟಿಯ ತುಂಡನ್ನು ಮುಚ್ಚಿಟ್ಟು ಬೂಷ್ಟು ತೋರಿಸುತ್ತಿದ್ದುದು ನಿಮಗೆ ನೆನಪಿರಬಹುದು. ಒಂದೇ ತುಂಡಿನ ಮೇಲೆ ಬಿಳಿ, ಹಸಿರು, ಕಪ್ಪು ಎಲ್ಲವೂ ಏಳುತ್ತಿದ್ದವು. ಯಾವುದು ಯಾವುದೆಂದು ಬರಿಗಣ್ಣಿಗೆ ಹೇಳಲಾಗುತ್ತಿರಲಿಲ್ಲ. ಒಸಾಕಾದಲ್ಲಿ ನಡೆದುದೂ ಅದೇ.

ನಿಮ್ಮಲ್ಲಿ ಕೆಲವರು ಈಗ ಅಕ್ಕಿ ಗಿರಣಿಗಳ ಮಾಲೀಕರು. ಅಗ್ಗದ ನುಚ್ಚಿನಿಂದ ಬೆಲೆಬಾಳುವ ಬಣ್ಣ ಮಾಡಬಹುದೆಂಬ ಆಸೆ ತಪ್ಪಲ್ಲ. ಆದರೆ ಅದಕ್ಕೆ ಪರೀಕ್ಷಿತ ತಳಿ, ಶುದ್ಧ ಕೋಣೆ ಬೇಕು. ತಯಾರಾದ ಪ್ರತಿಯೊಂದು ಪಾಲನ್ನೂ ಪ್ರಯೋಗಾಲಯದಲ್ಲಿ ತಪಾಸಿಸಬೇಕು. ಮೈಸೂರಿನ ತಜ್ಞರನ್ನು ಕೇಳದೆ ಕೈ ಹಾಕಬೇಡಿರಿ. ಇನ್ನು ಕೊಲೆಸ್ಟರಾಲ್ ಇರುವ ಬಂಧುಗಳು, ‘ಅಕ್ಕಿಯೇ ತಾನೆ’ ಎಂದುಕೊಂಡು ವೈದ್ಯರ ಗುಳಿಗೆ ಬಿಟ್ಟು ಇಂತಹ ಪುಡಿಗಳ ಮೊರೆ ಹೋಗಬಾರದು. ಗುಳಿಗೆಯ ಜೊತೆಗೆ ಸೇವಿಸಿದರೆ ಒಂದೇ ಔಷಧವನ್ನು ಎರಡು ಬಾರಿ ನುಂಗಿದಂತಾಗುತ್ತದೆ. ಪ್ರಕೃತಿ ಅಮೃತವನ್ನೂ ವಿಷವನ್ನೂ ಒಂದೇ ಅಗುಳಿನಲ್ಲಿ ಇಟ್ಟಿದೆ. ಅವುಗಳನ್ನು ಬೇರ್ಪಡಿಸುವುದು ತಾಳ್ಮೆಯ ವಿದ್ಯೆಯೊಂದೇ.