ಸಮಾನಾರ್ಥಕವೆಂದು ತೋರುವ ಇಂಗ್ಲಿಷ್ ಪದಗಳು

ಅರ್ಥದಲ್ಲಿ ಒಂದಕ್ಕೊಂದು ಹತ್ತಿರವಿದ್ದರೂ ಬಳಕೆಯಲ್ಲಿ ಬೇರೆಯಾಗಿರುವ ಪದಗಳನ್ನು ಸಮೀಪಾರ್ಥಕ ಪದಗಳು ಎನ್ನುತ್ತಾರೆ. ಇಂಗ್ಲಿಷಿನ ‘ಲೆಂಡ್’ ಮತ್ತು ‘ಬಾರೋ’, ‘ಡ್ರೌಟ್’ ಮತ್ತು ‘ಫ್ಯಾಮಿನ್’, ‘ವೆದರ್’ ಮತ್ತು ‘ಕ್ಲೈಮೇಟ್’ ಇಂತಹ ಜೋಡಿಗಳು. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಇವು ಗೊಂದಲ ಉಂಟುಮಾಡಲು ಮುಖ್ಯ ಕಾರಣ, ಇಂಗ್ಲಿಷಿನ ಎರಡು ಮೂರು ಪದಗಳಿಗೆ ಕನ್ನಡದಲ್ಲಿ ಒಂದೇ ಪದ ಸಲ್ಲುವುದು. ಈ ಲೇಖನದ ಉದಾಹರಣೆಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶದ ಜನಜೀವನದಿಂದ ಆರಿಸಲಾಗಿದೆ.

ಹಿನ್ನೆಲೆ

ಇಂಗ್ಲಿಷಿನಲ್ಲಿ ಸಮೀಪಾರ್ಥಕ ಪದಗಳು ಹೇರಳವಾಗಿರುವುದಕ್ಕೆ ಅದರ ಇತಿಹಾಸವೇ ಕಾರಣ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿನ ಮೂಲ ಪದಗಳ ಪಕ್ಕದಲ್ಲಿಯೇ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಪದಗಳು ನೆಲೆಯೂರಿದವು. ‘ಬಿಗಿನ್’ ಮತ್ತು ‘ಕಮೆನ್ಸ್’, ‘ಫ್ರೀಡಂ’ ಮತ್ತು ‘ಲಿಬರ್ಟಿ’ ಈ ಬಗೆಯವು. ಮೊದಲನೆಯದು ಮಾತಿಗೆ, ಎರಡನೆಯದು ಬಹುಮಟ್ಟಿಗೆ ಬರಹಕ್ಕೆ ಒಗ್ಗುತ್ತದೆ.

ಇದು ಕನ್ನಡಿಗರಿಗೆ ಅಪರಿಚಿತವಾದ ಸಂಗತಿಯಲ್ಲ. ನಮ್ಮಲ್ಲಿಯೂ ಅಚ್ಚಗನ್ನಡದ ‘ಊಟ’ದ ಪಕ್ಕದಲ್ಲಿ ಸಂಸ್ಕೃತದ ‘ಭೋಜನ’ವಿದೆ. ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, ಅಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಇಲ್ಲಿನ ರೈತನು ‘ನೆಲ’, ‘ಭೂಮಿ’, ‘ಜಮೀನು’ ಎಂಬ ಮೂರು ಪದಗಳನ್ನೂ ಬಳಸುತ್ತಾನೆ. ಆದರೆ ನೆಲ ಸಾರಿಸುತ್ತಾರೆಯೇ ಹೊರತು ಜಮೀನು ಸಾರಿಸುವುದಿಲ್ಲ. ಈ ವಿವೇಚನೆಯನ್ನೇ ಇಂಗ್ಲಿಷಿಗೂ ಅನ್ವಯಿಸಬೇಕು.

ಗೊಂದಲದ ಕಾರಣಗಳು

ಒಂದು, ನಿಘಂಟಿನ ಬಳಕೆಯ ರೀತಿ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ದ್ವಿಭಾಷಾ ನಿಘಂಟುಗಳು ಒಂದು ಕನ್ನಡ ಪದದ ಮುಂದೆ ಹಲವು ಇಂಗ್ಲಿಷ್ ಪದಗಳನ್ನು ಸಾಲಾಗಿ ಕೊಡುತ್ತ ಬಂದಿವೆ. ಅವಸರದ ವಿದ್ಯಾರ್ಥಿ ಮೊದಲನೆಯದನ್ನು ಎತ್ತಿಕೊಳ್ಳುತ್ತಾನೆ.

ಎರಡು, ಪದವನ್ನು ಒಂಟಿಯಾಗಿ ಕಂಠಪಾಠ ಮಾಡುವುದು. ಪದದ ಅರ್ಥ ತಿಳಿದರೂ ಅದರ ಹಿಂದೆ ಮುಂದೆ ಯಾವ ಪದ ಬರುತ್ತದೆಂಬುದು ತಿಳಿಯದಿದ್ದರೆ ವಾಕ್ಯ ಕೆಡುತ್ತದೆ.

ಪ್ರಮುಖ ಪದಜೋಡಿಗಳು

ಪ್ಯಾಡಿ ಮತ್ತು ರೈಸ್: ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ‘ಭತ್ತದ ಕಣಜ’ ಎಂಬ ಹೆಸರು ಪಡೆದಿದೆ. ಕನ್ನಡದಲ್ಲಿ ಸಿಪ್ಪೆಯಿರುವುದು ಭತ್ತ, ಸಿಪ್ಪೆ ತೆಗೆದದ್ದು ಅಕ್ಕಿ, ಬೇಯಿಸಿದ್ದು ಅನ್ನ. ಇಂಗ್ಲಿಷಿನಲ್ಲಿ ಭತ್ತಕ್ಕೆ ‘ಪ್ಯಾಡಿ’ ಎನ್ನುತ್ತಾರೆ. ಅದು ಮಲಯ ಭಾಷೆಯಿಂದ ಬಂದ ಪದ. ಅಕ್ಕಿ ಮತ್ತು ಅನ್ನ ಎರಡಕ್ಕೂ ‘ರೈಸ್’ ಒಂದೇ. ಬೆಳೆಯನ್ನು ‘ರೈಸ್’ ಎಂದು ಕರೆಯುವುದುಂಟು. ಆದರೆ ಗಿರಣಿಯಿಂದ ಹೊರಬಂದ ಅಕ್ಕಿಯನ್ನು ‘ಪ್ಯಾಡಿ’ ಎನ್ನುವಂತಿಲ್ಲ. ಕನ್ನಡವೇ ಹೆಚ್ಚು ಸೂಕ್ಷ್ಮವಾಗಿರುವ ಸಂದರ್ಭವಿದು.

ಸಾಯಿಲ್, ಲ್ಯಾಂಡ್, ಗ್ರೌಂಡ್ ಮತ್ತು ಫ್ಲೋರ್: ಎರೆಮಣ್ಣು, ಕೆಂಪುಮಣ್ಣು ಎನ್ನುವಾಗ ‘ಸಾಯಿಲ್’, ಪಹಣಿಯಲ್ಲಿ ದಾಖಲಾಗುವ ಜಮೀನು ‘ಲ್ಯಾಂಡ್’, ಕಾಲಡಿಯ ಬಯಲು ನೆಲ ‘ಗ್ರೌಂಡ್’, ಮನೆಯೊಳಗಿನ ನೆಲ ‘ಫ್ಲೋರ್’.

ಡ್ಯಾಂ ಮತ್ತು ರಿಸರ್ವಾಯರ್: ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ‘ಡ್ಯಾಂ’, ಅದರ ಹಿಂದೆ ನಿಲ್ಲುವ ಜಲಾಶಯ ‘ರಿಸರ್ವಾಯರ್’. ‘ಡ್ಯಾಂ ತುಂಬಿತು’ ಎಂಬುದು ಆಡುಮಾತಿಗೆ ಸರಿ. ಇಂಗ್ಲಿಷ್ ಬರವಣಿಗೆಯಲ್ಲಿ ತುಂಬುವುದು ‘ರಿಸರ್ವಾಯರ್’. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಆಗ ಕಳಚಿದ್ದು ‘ಡ್ಯಾಂ’ನ ಒಂದು ಗೇಟು, ಹರಿದುಹೋದದ್ದು ‘ರಿಸರ್ವಾಯರ್’ನ ನೀರು. ಇದನ್ನು ‘ಡ್ಯಾಂ ಒಡೆಯಿತು’ ಎಂಬ ಅರ್ಥ ಬರುವಂತೆ ಬರೆದರೆ ನದಿಪಾತ್ರದ ಜನರು ವಿನಾಕಾರಣ ದಿಗಿಲುಗೊಳ್ಳುತ್ತಾರೆ.

ಡ್ರೌಟ್ ಮತ್ತು ಫ್ಯಾಮಿನ್: ಕನ್ನಡದ ‘ಬರ’ ಎರಡನ್ನೂ ಒಳಗೊಳ್ಳುತ್ತದೆ. ಮಳೆಯ ಕೊರತೆಯಿಂದ ನೀರು ಮತ್ತು ಬೆಳೆಗೆ ಒದಗುವ ಅಭಾವ ‘ಡ್ರೌಟ್’. ಜನರು ಹಸಿವಿನಿಂದ ಸಾಯುವಷ್ಟು ವ್ಯಾಪಕವಾದ ಅನ್ನದ ಅಭಾವ ‘ಫ್ಯಾಮಿನ್’, ಅಂದರೆ ಕ್ಷಾಮ. 1876–78ರಲ್ಲಿ ಮದ್ರಾಸ್, ಮೈಸೂರು, ಹೈದರಾಬಾದ್ ಮತ್ತು ಮುಂಬಯಿ ಪ್ರಾಂತಗಳನ್ನು ಕಾಡಿದ್ದು ಕ್ಷಾಮ. ಕುಷ್ಟಗಿ, ಯಲಬುರ್ಗಾದಂತಹ ಮಳೆಯಾಶ್ರಿತ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಬರುವುದು ‘ಡ್ರೌಟ್’. ಪಡಿತರವೂ ಕೂಲಿಯೂ ದೊರೆತರೆ ಅದು ‘ಫ್ಯಾಮಿನ್’ ಆಗಬೇಕಿಲ್ಲ. ಪರಿಹಾರ ಕೋರುವ ಮನವಿಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದರೆ ಬೇಡಿಕೆಯ ಸ್ವರೂಪವೇ ಬದಲಾಗುತ್ತದೆ.

ವೆದರ್ ಮತ್ತು ಕ್ಲೈಮೇಟ್: ಇಂದು ಮೋಡ, ನಾಳೆ ಬಿಸಿಲು ಎಂಬುದು ‘ವೆದರ್’. ಒಂದು ಪ್ರದೇಶದಲ್ಲಿ ದೀರ್ಘಕಾಲ, ಸಾಮಾನ್ಯವಾಗಿ 30 ವರ್ಷಗಳ ಅವಧಿಯಲ್ಲಿ, ಕಂಡುಬರುವ ಸರಾಸರಿ ಸ್ಥಿತಿ ‘ಕ್ಲೈಮೇಟ್’. ಕನ್ನಡದಲ್ಲಿ ಕ್ರಮವಾಗಿ ‘ಹವಾಮಾನ’, ‘ಹವಾಗುಣ’ ಎಂಬ ಪದಗಳಿದ್ದರೂ ಪತ್ರಿಕೆಗಳಲ್ಲಿ ‘ಹವಾಮಾನ ಬದಲಾವಣೆ’ ಎಂಬ ಪ್ರಯೋಗ ರೂಢಿಯಾಗಿರುವುದರಿಂದ ಗೊಂದಲ ಹೆಚ್ಚಿದೆ.

ಲೆಂಡ್ ಮತ್ತು ಬಾರೋ: ಕನ್ನಡದಲ್ಲಿ ‘ಸಾಲ’ ಎಂಬ ಪದ ಹಾಗೆಯೇ ಉಳಿದು ‘ಕೊಡು’, ‘ತೆಗೆದುಕೊಳ್ಳು’ ಎಂಬ ಕ್ರಿಯಾಪದಗಳು ದಿಕ್ಕನ್ನು ಸೂಚಿಸುತ್ತವೆ. ಇಂಗ್ಲಿಷಿನಲ್ಲಿ ಕ್ರಿಯಾಪದವೇ ಬೇರೆ: ಕೊಡುವವನು ‘ಲೆಂಡ್’ ಮಾಡುತ್ತಾನೆ, ಪಡೆಯುವವನು ‘ಬಾರೋ’ ಮಾಡುತ್ತಾನೆ. ಮೊದಲನೆಯದರೊಂದಿಗೆ ‘ಟು’, ಎರಡನೆಯದರೊಂದಿಗೆ ‘ಫ್ರಂ’ ಬರುತ್ತದೆ. ಸಾಲ ಬೇಡುವ ರೈತ ತನ್ನ ಅರ್ಜಿಯಲ್ಲಿ ಇವನ್ನು ಅದಲುಬದಲು ಮಾಡಿದರೆ ಬ್ಯಾಂಕಿಗೆ ತಾನೇ ಸಾಲ ಕೊಡಲು ಮುಂದಾದಂತಾಗುತ್ತದೆ!

ಮೈಗ್ರೇಟ್, ಎಮಿಗ್ರೇಟ್ ಮತ್ತು ಇಮಿಗ್ರೇಟ್: ಸುಗ್ಗಿ ಮುಗಿದ ಮೇಲೆ ಕೂಲಿಗಾಗಿ ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ‘ಗುಳೆ’ ಹೋಗುವುದಕ್ಕೆ ‘ಮೈಗ್ರೇಟ್’ ಸಲ್ಲುತ್ತದೆ. ನೆಲೆಸಲೆಂದು ಸ್ವದೇಶವನ್ನು ತೊರೆಯುವುದು ‘ಎಮಿಗ್ರೇಟ್’, ಪರದೇಶವನ್ನು ಪ್ರವೇಶಿಸುವುದು ‘ಇಮಿಗ್ರೇಟ್’. ಗುಳೆ ಹೋದವರು ದೇಶ ಬಿಟ್ಟವರಲ್ಲ. ಆದ್ದರಿಂದ ಕೊನೆಯ ಎರಡು ಪದಗಳು ಅವರಿಗೆ ಅನ್ವಯಿಸುವುದಿಲ್ಲ.

ಇನ್‌ಸ್ಕ್ರಿಪ್ಷನ್ ಮತ್ತು ಈಡಿಕ್ಟ್: ಎರಡಕ್ಕೂ ‘ಶಾಸನ’ ಎನ್ನುತ್ತೇವೆ. ಕಲ್ಲು ಅಥವಾ ಲೋಹದ ಮೇಲೆ ಕೆತ್ತಿದ ಯಾವುದೇ ಬರಹ ‘ಇನ್‌ಸ್ಕ್ರಿಪ್ಷನ್’. ಅಧಿಕಾರವುಳ್ಳವರು ಹೊರಡಿಸಿದ ಆಜ್ಞೆ ‘ಈಡಿಕ್ಟ್’. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳಿಗೆ ಎರಡು ಹೆಸರೂ ಸಲ್ಲುತ್ತವೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯದ 1112ರ ಶಾಸನವು ಗುಡಿಯ ನಿರ್ಮಾಣವನ್ನು ದಾಖಲಿಸುತ್ತದೆ. ಅದು ‘ಇನ್‌ಸ್ಕ್ರಿಪ್ಷನ್’ ಮಾತ್ರ.

ಟಾಯ್, ಡಾಲ್ ಮತ್ತು ಪಪೆಟ್: ಮಕ್ಕಳ ಆಟಿಕೆಗಳೆಲ್ಲ ‘ಟಾಯ್’; ಅವುಗಳಲ್ಲಿ ಮನುಷ್ಯಾಕೃತಿಯದು ‘ಡಾಲ್’; ಆಡಿಸಿ ಕಥೆ ಹೇಳುವುದು ‘ಪಪೆಟ್’. ಕಿನ್ನಾಳದ ಮರದ ಗೊಂಬೆಗಳಲ್ಲಿ ಮೊದಲ ಎರಡೂ ಇವೆ. 2025ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಆಡಿಸುವ ತೊಗಲುಗೊಂಬೆ ‘ಪಪೆಟ್’.

ಕ್ರಿಯಾಪದಗಳು

‘ನೋಡು’, ‘ಕೇಳು’, ‘ಹೇಳು’ ಎಂಬ ಮೂರು ಕ್ರಿಯಾಪದಗಳು ಹೆಚ್ಚಿನ ತಪ್ಪುಗಳಿಗೆ ಎಡೆಮಾಡುತ್ತವೆ.

ನೋಡು: ತಾನಾಗಿ ಕಣ್ಣಿಗೆ ಬಿದ್ದರೆ ‘ಸೀ’, ಬೇಕೆಂದು ದೃಷ್ಟಿ ಹರಿಸಿದರೆ ‘ಲುಕ್’, ಚಲಿಸುವುದನ್ನು ಗಮನವಿಟ್ಟು ನೋಡಿದರೆ ‘ವಾಚ್’. ಗವಿಮಠದ ತೇರು ಸಾಗುವುದನ್ನು ನಿಂತು ನೋಡುವುದು ‘ವಾಚ್’.

ಕೇಳು: ಸದ್ದು ಕಿವಿಗೆ ಬಿದ್ದರೆ ‘ಹಿಯರ್’, ಕಿವಿಗೊಟ್ಟರೆ ‘ಲಿಸನ್’, ಪ್ರಶ್ನಿಸಿದರೆ ‘ಆಸ್ಕ್’. ‘ಲಿಸನ್’ ನಂತರ ಕೇಳಿದ ವಿಷಯವನ್ನು ಹೇಳುವಾಗ ‘ಟು’ ಅವಶ್ಯ.

ಹೇಳು: ಆಡಿದ ಮಾತು ಮುಖ್ಯವಾದರೆ ‘ಸೇ’, ಯಾರಿಗೆ ಹೇಳಿದ್ದೆಂಬುದು ಮುಖ್ಯವಾದರೆ ‘ಟೆಲ್’. ‘ಸೇ’ ನಂತರ ವ್ಯಕ್ತಿಯನ್ನು ಹೆಸರಿಸಲು ‘ಟು’ ಬೇಕು, ‘ಟೆಲ್’ಗೆ ಬೇಡ.

ಗುರುತಿಸುವ ವಿಧಾನ

ಸಂದೇಹ ಬಂದಾಗ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಉಪಯುಕ್ತ.

1. ಈ ಕ್ರಿಯೆಯಲ್ಲಿ ಕೊಡುವವನು ಯಾರು, ಪಡೆಯುವವನು ಯಾರು?
2. ಇದು ತಾನಾಗಿ ಆದದ್ದೋ, ಬೇಕೆಂದು ಮಾಡಿದ್ದೋ?
3. ಒಂದು ಪದ ಇನ್ನೊಂದರ ಒಳಗಿನ ವಿಧವೇ? ಪ್ರತಿಯೊಂದು ‘ಡಾಲ್’ ‘ಟಾಯ್’ ಎನ್ನಬಹುದಾದರೂ ಪ್ರತಿಯೊಂದು ‘ಟಾಯ್’ ‘ಡಾಲ್’ ಅಲ್ಲ.
4. ಪದದ ಮುಂದೆ ಯಾವ ವಿಭಕ್ತಿಸೂಚಕ ಬರುತ್ತದೆ: ‘ಟು’ ಅಥವಾ ‘ಫ್ರಂ’?

ಉತ್ತರವನ್ನು ಇಂಗ್ಲಿಷ್-ಇಂಗ್ಲಿಷ್ ನಿಘಂಟಿನ ಉದಾಹರಣಾ ವಾಕ್ಯಗಳೊಂದಿಗೆ ತಾಳೆ ನೋಡಬೇಕು. ಎ. ಎಸ್. ಹಾರ್ನ್‌ಬಿ ಅವರು ಆರಂಭಿಸಿದ ಆಕ್ಸ್‌ಫರ್ಡ್ ಕಲಿಕಾರ್ಥಿಗಳ ನಿಘಂಟು ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗೆಂದೇ ರೂಪುಗೊಂಡಿದೆ. ಹೊಸ ಪದವನ್ನು ಬಿಡಿಯಾಗಿ ಬರೆದುಕೊಳ್ಳುವ ಬದಲು ತಮ್ಮ ಊರಿನ ಸಂಗತಿಯನ್ನು ಕುರಿತ ಒಂದು ವಾಕ್ಯದಲ್ಲಿ ಬರೆದಿಟ್ಟುಕೊಂಡರೆ ವ್ಯತ್ಯಾಸವು ನೆನಪಿನಲ್ಲಿ ಉಳಿಯುತ್ತದೆ.

ಇವನ್ನೂ ನೋಡಿ

ಕೊಪ್ಪಳ ಜಿಲ್ಲೆ
ತುಂಗಭದ್ರಾ ಅಣೆಕಟ್ಟು
ಕಿನ್ನಾಳ ಕಲೆ
ಫರ್ಡಿನಾಂಡ್ ಕಿಟೆಲ್