ಕಿಟಕಿ ಒಡೆದರೆ ಮನೆಯ ಚಾವಣಿ ಯಾಕೆ ಹಾರುತ್ತೆ?

ಬಿಜ್ಜರಗಿಯ ಹುಡುಗನಿಗೂ ಅಮೆರಿಕದ ಚಂಡಮಾರುತಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ವಾಟ್ಸಾಪಿನಲ್ಲಿ ಬಂತು. ಅಪ್ಪನ ಜೊತೆ ಓದಿದ ಕಾಕಾ ಒಬ್ಬರು ಬಹಳ ವರ್ಷದಿಂದ ಫ್ಲೋರಿಡಾದ ಟ್ಯಾಂಪಾದಲ್ಲಿದ್ದಾರೆ. 2024ರಲ್ಲಿ ಎರಡೇ ವಾರದ ಅಂತರದಲ್ಲಿ ಅವರ ಕಡೆ ಎರಡು ಹರಿಕೇನ್ ಬಂದವು, ಸೆಪ್ಟೆಂಬರ್ 26ಕ್ಕೆ ಹೆಲೀನ್, ಅಕ್ಟೋಬರ್ 9ಕ್ಕೆ ಮಿಲ್ಟನ್. ಮಿಲ್ಟನ್ ಬಂದ ರಾತ್ರಿ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನ ಟ್ರಾಪಿಕಾನಾ ಕ್ರೀಡಾಂಗಣದ ಬಟ್ಟೆಯ ಚಾವಣಿ ಚಿಂದಿಯಾಗಿ ಹೋಯ್ತು. ಕಾಕೂ ಅವತ್ತೇ ಹಟ ಹಿಡಿದರಂತೆ, ಕಿಟಕಿ ಬದಲಿಸದೆ ಇನ್ನೊಂದು ಮಳೆಗಾಲ ಈ ಮನೆಯಲ್ಲಿ ಇರೋದಿಲ್ಲ ಅಂತ. ಕಾಕಾ ಮೂರು ಕೊಟೇಶನ್ ತರಿಸಿ ನನಗೆ ಕಳಿಸಿದರು. "ತಮ್ಮಾ, ಮೂರೂ ಮಂದಿ ತಮ್ಮದs ಗಟ್ಟಿ ಅಂತಾರ. ನೀ ಎಂಜಿನಿಯರ್ ಅದಿ, ಖರೇದು ಯಾವುದು, ಖೊಟ್ಟಿ ಯಾವುದು ನೋಡಿ ಹೇಳಪಾ."

ನಾನೋ ಸಾಫ್ಟ್‌ವೇರ್‌ನವನು. ಕಿಟಕಿ ಅಂದರೆ ನಮಗೆ ಮೊದಲು ನೆನಪಾಗೋದು ಮೈಕ್ರೋಸಾಫ್ಟು :) ಆದರೂ ಹಿರಿಯರು ಕೇಳಿದ್ದಾರೆ, ಚಿಲ್ಲರೆ ದುಡ್ಡಿನ ವಿಷಯವಲ್ಲ, ಮೇಲಾಗಿ ಇಬ್ಬರು ವಯಸ್ಸಾದವರ ಜೀವದ ಪ್ರಶ್ನೆ. ಓದೋಕೆ ಕೂತೆ. ಎರಡು ದಿನದಲ್ಲಿ ಮುಗಿಯಬೇಕಾದ ಕೆಲಸ ಮೂರು ವಾರ ಹಿಡಿಯಿತು, ಯಾಕಂದ್ರೆ ಈ ಕಿಟಕಿಗೆ ಒಂದು ಒಳ್ಳೆ ಇತಿಹಾಸ ಇದೆ. ಅದನ್ನು ತಿಳಿಯದೆ ಖರೇ-ಖೊಟ್ಟಿ ಬೇರೆ ಮಾಡೋಕೆ ಆಗಲ್ಲ.

ಮೊದಲು ನಮ್ಮೂರಿನ ಮಾತು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಗಾಜು ಅನ್ನೋದೇ ಇರಲಿಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಮಾಳಿಗೆಯಲ್ಲೇ ಒಂದು ಬೆಳಕಿಂಡಿ. ಕಿಟಕಿ ಇದ್ದರೂ ಸಣ್ಣದು, ಕಬ್ಬಿಣದ ಸರಳು, ಮರದ ಕದ. ಬಾದಶಹರ ಕಟ್ಟಡದಲ್ಲೂ ಅಷ್ಟೇ. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ನೋಡಿರ್ತೀರಿ, ಅಲ್ಲಿ ಕಿಟಕಿಗೆ ಕೂರಿಸಿರೋದು ಕಲ್ಲಿನ ಹಲಗೆ, ಅದರಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದು ಬೆಳಕು ಬಿಟ್ಟಿದ್ದಾರೆ. ಸುಮಾರು ನಾನೂರು ವರ್ಷ ಆಯ್ತು. ಅದಕ್ಕೆ ಯಾವ ಗಾಳಿ ಏನು ಮಾಡೀತು! ಗಾಳಿಗೆ ಹೆದರಬೇಕಾದ ಕಿಟಕಿ ಹುಟ್ಟಿದ್ದು ದೊಡ್ಡ ಗಾಜು ಮತ್ತು ಹಗುರ ಚಾವಣಿ ಎರಡೂ ಒಂದೇ ಮನೆಗೆ ಬಂದಾಗ.

ಆ ಪಾಠವನ್ನು ಜಗತ್ತು ದುಬಾರಿ ಫೀಸು ಕೊಟ್ಟು ಕಲಿತ ಜಾಗಗಳಲ್ಲಿ ಮುಖ್ಯವಾದದ್ದು ಆಸ್ಟ್ರೇಲಿಯಾದ ಡಾರ್ವಿನ್. 1974ರ ಕ್ರಿಸ್‌ಮಸ್ ರಾತ್ರಿ ಟ್ರೇಸಿ ಅನ್ನೋ ಚಂಡಮಾರುತ ಬಂದು ಊರಿನ ಹೆಚ್ಚಿನ ಮನೆಗಳನ್ನು ಕೆಡವಿ ಹಾಕಿತು. ಆಮೇಲೆ ಜಾರ್ಜ್ ವಾಕರ್ ಎಂಬ ಎಂಜಿನಿಯರ್ ಮನೆಗಳು ಯಾಕೆ ಬಿದ್ದವು ಅಂತ ಪರಿಶೀಲಿಸಿ 1975ರಲ್ಲಿ ವರದಿ ಕೊಟ್ಟರು. ಅದರಲ್ಲಿ ಕಂಡ ಒಂದು ಸಂಗತಿ ಇವತ್ತಿಗೂ ಈ ವಿದ್ಯೆಯ ಬುಡ. ಗಾಳಿಯ ಒತ್ತಡಕ್ಕೇ ಕಿಟಕಿ ಒಡೆಯಬೇಕು ಅಂತಿಲ್ಲ. ಗಾಳಿ ಹೊತ್ತು ತಂದ ಪಕ್ಕದ ಮನೆಯ ತಗಡು, ಮರದ ತುಂಡು ಬಡಿದು ಒಡೆಯುತ್ತೆ. ಒಡೆದ ಕಿಟಕಿಯಿಂದ ಗಾಳಿ ಒಳಗೆ ನುಗ್ಗಿ ಮನೆಯನ್ನು ಬಲೂನಿನ ಹಾಗೆ ಉಬ್ಬಿಸುತ್ತೆ. ಹೊರಗಿನ ಗಾಳಿ ಚಾವಣಿಯನ್ನು ಮೇಲಿಂದ ಹೀರುತ್ತಿರುತ್ತೆ, ಈಗ ಒಳಗಿನ ಗಾಳಿ ಕೆಳಗಿಂದ ನೂಕುತ್ತೆ. ಚಾವಣಿ ಹೋಯ್ತು ಅಂದರೆ ಗೋಡೆಗೆ ಮೇಲಿನ ಆಸರೆ ತಪ್ಪಿ ಅದೂ ಹೋಗುತ್ತೆ. ಅಂದರೆ ಕಿಟಕಿ ಕಾಪಾಡೋದು ಸೋಫಾ, ಟಿವಿಯನ್ನಷ್ಟೇ ಅಲ್ಲ, ಮನೆಯ ಚಾವಣಿಯನ್ನು.

ಇದಕ್ಕೆ ಅಂಕೆಯೂ ಇದೆ. ಅಮೆರಿಕದ ಲೆಕ್ಕದ ಪುಸ್ತಕದಲ್ಲಿ ಮುಚ್ಚಿದ ಮನೆಯ ಒಳ ಒತ್ತಡದ ಗುಣಕ 0.18. ಒಂದು ಕಡೆ ಗಂಡಿ ಬಿದ್ದು ಅರೆತೆರೆದ ಮನೆಯಾದರೆ ಅದೇ ಗುಣಕ 0.55. ಒಂದು ಕಿಟಕಿ ಹೋಗಿದ್ದಕ್ಕೆ ಮೂರು ಪಟ್ಟು! (ಗಾಳಿ ಬಂದಾಗ ಕಿಟಕಿ ತೆರೆದಿಟ್ಟರೆ ಒತ್ತಡ ಸಮ ಆಗುತ್ತೆ ಅಂತ ಹಿಂದೆ ಹೇಳ್ತಿದ್ರು. ಇದನ್ನು ನೋಡಿದ ಮೇಲೆ ಆ ಸಲಹೆ ಎಂಥ ಅಪಾಯದ್ದು ಅಂತ ಗೊತ್ತಾಗುತ್ತೆ. ಗಾಜಿನ ಮೇಲೆ ಗುಣಾಕಾರ ಚಿಹ್ನೆಯ ಹಾಗೆ ಟೇಪ್ ಅಂಟಿಸೋದೂ ಅದೇ ಜಾತಿ.)

ಅಮೆರಿಕದವರಿಗೂ ಸುಳಿವು ಸಿಕ್ಕಿತ್ತು. 1970ರ ಮೇ 11ರಂದು ಟೆಕ್ಸಸ್‌ನ ಲಬಕ್ ಊರಿಗೆ ಸುಂಟರಗಾಳಿ ಬಡಿದ ಮೇಲೆ ಅಲ್ಲಿನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದವರು ಗಾಳಿಯಲ್ಲಿ ಹಾರುವ ವಸ್ತುಗಳ ಅಧ್ಯಯನ ಶುರು ಮಾಡಿದರು. 1983ರಲ್ಲಿ ಅಲೀಶಿಯಾ ಬಂದಾಗ ಹ್ಯೂಸ್ಟನ್‌ನ ಗಗನಚುಂಬಿಗಳ ಗಾಜು ಪುಡಿಯಾಯ್ತು. ಒಡೆದದ್ದು ಏನು ಗೊತ್ತಾ? ಅಕ್ಕಪಕ್ಕದ ಕಟ್ಟಡಗಳ ಚಾವಣಿಗೆ ಹಾಸಿದ್ದ ಸಣ್ಣ ಜಲ್ಲಿ! ಆದರೂ ಕಾನೂನು ಬದಲಾಗಲಿಲ್ಲ. ಕಾನೂನು ಬದಲಾಗೋಕೆ ಎಲ್ಲ ಕಡೆ ಬೇಕಾಗೋದು ಹೆಣ ಇಲ್ಲವೇ ದಿವಾಳಿ ಅಂತ ನನ್ನ ಅನಿಸಿಕೆ.

ದಿವಾಳಿ ಬಂದದ್ದು 1992ರ ಆಗಸ್ಟ್ 24ರ ಬೆಳಗಿನ ಜಾವ, ಆಂಡ್ರೂ ಹರಿಕೇನ್ ರೂಪದಲ್ಲಿ. ಮಯಾಮಿಯ ದಕ್ಷಿಣಕ್ಕೆ ಹೋಮ್‌ಸ್ಟೆಡ್, ಫ್ಲೋರಿಡಾ ಸಿಟಿ ಅನ್ನೋ ಊರುಗಳು ನೆಲಸಮ. 25 ಸಾವಿರಕ್ಕೂ ಹೆಚ್ಚು ಮನೆ ನಾಶ, ಸುಮಾರು 1 ಲಕ್ಷ ಮನೆಗಳಿಗೆ ಪೆಟ್ಟು. ಹರಿಕೇನ್ ಎಲ್ಲಿದೆ ಅಂತ ಊರಿಗೆಲ್ಲ ಹೇಳಬೇಕಾದ ರಾಷ್ಟ್ರೀಯ ಹರಿಕೇನ್ ಕೇಂದ್ರದ ಚಾವಣಿ ಮೇಲಿದ್ದ ರೇಡಾರೇ ಹಾರಿ ಹೋಯ್ತು! ಹಲವು ವಿಮಾ ಕಂಪನಿಗಳು ಬಾಗಿಲು ಹಾಕಿದವು. ಆ ಜಿಲ್ಲೆಗೆ ಆಗ ಬರೀ ಡೇಡ್ ಕೌಂಟಿ ಅಂತ ಹೆಸರು, 1997ರಲ್ಲಿ ಮಯಾಮಿ-ಡೇಡ್ ಆಯಿತು (ನಮ್ಮ ಬಿಜಾಪುರ 2014ರಲ್ಲಿ ವಿಜಯಪುರ ಆದ ಹಾಗೆ).

ಸೋಜಿಗ ಅಂದರೆ ಆ ಜಿಲ್ಲೆಗೆ 1957ರಿಂದಲೇ ದಕ್ಷಿಣ ಫ್ಲೋರಿಡಾ ಕಟ್ಟಡ ಸಂಹಿತೆ ಇತ್ತು, ದೇಶದಲ್ಲೇ ಗಟ್ಟಿಯಾದದ್ದು ಅಂತ ಹೆಸರೂ ಇತ್ತು. ಬಿದ್ದ ಮನೆಗಳನ್ನು ನೋಡಿದಾಗ ಸಿಕ್ಕಿದ್ದೇನು? ಚಾವಣಿಯ ಪ್ಲೈವುಡ್‌ಗೆ ಹೊಡೆದ ಮೊಳೆಗಳು ಕೆಳಗಿನ ಮರಕ್ಕೆ ತಾಗಿರಲೇ ಇಲ್ಲ. ಕೆಲವು ಕಡೆ ಮೊಳೆ ಬದಲು ಸ್ಟೇಪ್ಲರ್ ಪಿನ್ನು. ನೋಡಬೇಕಾದ ಇನ್‌ಸ್ಪೆಕ್ಟರ್‌ಗಳು ಸರಿಯಾಗಿ ನೋಡಿರಲಿಲ್ಲ. ಕಾಗದದ ಮೇಲೆ ಎಲ್ಲ ಪಾಸು. ಓದುವಾಗ ನಮ್ಮ ಕಡೆಯ ಎಷ್ಟೋ ಕಾಮಗಾರಿಗಳು ಕಣ್ಮುಂದೆ ಬಂದವು. ಹಾಗಾಗಿ ಹೊಸ ನಿಯಮ ಬರೆದವರು ಗಾಜು ಇಷ್ಟು ದಪ್ಪ ಇರಲಿ ಅಂತ ಬರೆದು ಸುಮ್ಮನಾಗಲಿಲ್ಲ. ಕಿಟಕಿ ತಂದು ನಮ್ಮ ಮುಂದೆ ಹೊಡೆಸಿಕೊಂಡು ತೋರಿಸು ಅಂದರು. 1994ರ ಸೆಪ್ಟೆಂಬರ್‌ನಿಂದ ಅದು ಕಡ್ಡಾಯವಾಯ್ತು.

ಆ ಪರೀಕ್ಷೆ ಓದಿದರೆ ಖುಷಿಯಾಗುತ್ತೆ. ಗಾಳಿಯ ಒತ್ತಡದಿಂದ ನಡೆಯುವ ಒಂದು ಫಿರಂಗಿ. ಅದರಲ್ಲಿ 9 ಪೌಂಡ್, ಅಂದರೆ ಸುಮಾರು 4 ಕಿಲೋ ತೂಕದ ಉದ್ದನೆಯ ಮರದ ತುಂಡು. ನಿಯಮದ ಭಾಷೆಯಲ್ಲಿ ಇದರ ಹೆಸರೇ ಮಿಸೈಲ್! ಸೆಕೆಂಡಿಗೆ 50 ಅಡಿ ವೇಗದಲ್ಲಿ, ಗಂಟೆಗೆ ಸುಮಾರು 55 ಕಿಮೀ, ಕಿಟಕಿಗೆ ಹೊಡೀತಾರೆ. ಒಮ್ಮೆ ನಟ್ಟನಡುವೆ, ಒಮ್ಮೆ ಮೂಲೆಯ ಹತ್ತಿರ. ಒಂದೇ ಥರದ ಮೂರು ಕಿಟಕಿಗೂ ಹೀಗೇ ಹೊಡೀಬೇಕು. ಮೂವತ್ತು ಅಡಿಗಿಂತ ಎತ್ತರದಲ್ಲಿ ಕೂರುವ ಕಿಟಕಿಗೆ ಮರದ ಬದಲು 2 ಗ್ರಾಂ ತೂಕದ ಉಕ್ಕಿನ ಗುಂಡುಗಳು, ಹ್ಯೂಸ್ಟನ್‌ನ ಜಲ್ಲಿಯ ಲೆಕ್ಕಕ್ಕೆ.

ಅಲ್ಲಿಗೆ ಮುಗೀಲಿಲ್ಲ. ಗಾಜು ಬಿರುಕು ಬಿಟ್ಟ ಅದೇ ಕಿಟಕಿಯನ್ನು ಹಾಗೇ ಇಟ್ಟು ಒಮ್ಮೆ ಒಳಕ್ಕೆ ನೂಕಿ, ಒಮ್ಮೆ ಹೊರಕ್ಕೆ ಎಳೆದು, ಒಟ್ಟು 9000 ಸಲ ಒತ್ತಡ ಹಾಕ್ತಾರೆ. ಹರಿಕೇನ್ ಅಂದರೆ ಒಂದು ಏಟಲ್ಲ, ಗಂಟೆಗಟ್ಟಲೆ ಬಡಿಯೋ ಗಾಳಿ, ಅದಕ್ಕೆ. ಕೊನೆಗೆ ಗಾಳಿ ನುಸುಳುವಂಥ 5 ಇಂಚಿಗಿಂತ ಉದ್ದದ ಸೀಳು ಬಿದ್ದಿರಬಾರದು. ಗಮನಿಸಿ, ಗಾಜು ಒಡೆಯಬಾರದು ಅಂತ ಎಲ್ಲೂ ಇಲ್ಲ. ಒಡೆಯಲಿ, ಆದರೆ ಜಾಗ ಬಿಟ್ಟು ಕದಲಬಾರದು. ಹೊಡೆಸಿಕೊಳ್ಳೋದು ಗಾಜೊಂದೇ ಅಲ್ಲ. ಚೌಕಟ್ಟು, ರಬ್ಬರು, ಅಂಟು, ಗೋಡೆಗೆ ಹಾಕುವ ಸ್ಕ್ರೂ ಎಲ್ಲ ಸೇರಿದ ಇಡೀ ಕಿಟಕಿ.

ಒಡೆದರೂ ಕದಲದ ಗಾಜಿನ ಕಥೆ ಇನ್ನೂ ಹಳೇದು. 1903ರಲ್ಲಿ ಎಡ್ವರ್ಡ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ಕಲಾವಿದ-ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಹೂಜಿ ಕೆಳಗೆ ಬಿತ್ತು, ಬಿರುಕು ಬಿಟ್ಟಿತು, ಆದರೆ ಚೂರಾಗಲಿಲ್ಲ ಅಂತ ಹೇಳ್ತಾರೆ. ಅದರೊಳಗೆ ಮೊದಲಿದ್ದ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಪೊರೆಯಾಗಿತ್ತು. 1909ರಲ್ಲಿ ಪೇಟೆಂಟ್. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣಿಗೆ ಇದೇ ಗಾಜು. ಆ ಪೊರೆ ಬಿಸಿಲಿಗೆ ಹಳದಿಯಾಗ್ತಿತ್ತು, 1930ರ ದಶಕದಲ್ಲಿ ಪಿವಿಬಿ ಅನ್ನೋ ಪ್ಲಾಸ್ಟಿಕ್ ಬಂದು ಆ ತೊಂದರೆ ಹೋಯ್ತು. ನಿಮ್ಮ ಕಾರಿನ ಮುಂದಿನ ಗಾಜು ಇದೇ ಲ್ಯಾಮಿನೇಟೆಡ್ ಜಾತಿ, ಕಲ್ಲು ಬಿದ್ದರೆ ಜೇಡರ ಬಲೆಯಾಗಿ ನಿಂತಿರುತ್ತೆ. ಪಕ್ಕದ ಬಾಗಿಲಿನದು ಸಾಮಾನ್ಯವಾಗಿ ಟೆಂಪರ್ಡ್, ಗಟ್ಟಿ ಹೌದು, ಆದರೆ ಒಡೆದರೆ ಕಲ್ಲುಸಕ್ಕರೆ ಹರಳಿನ ಹಾಗೆ ಪೂರ್ತಿ ಉದುರಿಬಿಡುತ್ತೆ.

ಇಷ್ಟು ತಿಳಿದ ಮೇಲೆ ಕಾಕಾನ ಮೂರು ಕೊಟೇಶನ್ ಓದೋದು ಸುಲಭವಾಯ್ತು.

ಅತಿ ಅಗ್ಗದ್ದು "ಹರಿಕೇನ್ ಬಲದ" ಟೆಂಪರ್ಡ್ ಗಾಜು. ಜೊತೆಗೆ ಫ್ಲೋರಿಡಾ ರಾಜ್ಯದ ಮಂಜೂರಾತಿ ನಂಬರ್ ಕೂಡ ಇತ್ತು, ಕಾಕಾ ಅದನ್ನು ನೋಡಿಯೇ ಅರ್ಧ ಒಪ್ಪಿದ್ದರು. ಆ ನಂಬರನ್ನು ರಾಜ್ಯ ಸರಕಾರದ ಜಾಲತಾಣದಲ್ಲಿ ಹಾಕಿದರೆ ಪ್ರತಿ ಮಾದರಿಯ ಮುಂದೆ ಏಟು ತಡೆಯುತ್ತದೆಯೇ ಅಂತ ಒಂದು ಸಾಲಿದೆ. ಇದರ ಮುಂದೆ "ಇಲ್ಲ" ಅಂತಿತ್ತು! ನಂಬರ್ ಸುಳ್ಳಲ್ಲ, ಅದು ಬರೀ ಗಾಳಿಯ ಒತ್ತಡಕ್ಕೆ ಕೊಟ್ಟ ಮಂಜೂರಾತಿ. ಖೊಟ್ಟಿ ಮಾಲಿಗಿಂತ ಈ ಅರ್ಧ ಖರೇ ಮಾಲು ಹೆಚ್ಚು ಅಪಾಯ ಅನಿಸಿತು ನನಗೆ.

ಎರಡನೆಯವರದು ಇರುವ ಗಾಜಿಗೇ ಒಳಗಿನಿಂದ ಫಿಲ್ಮ್ ಅಂಟಿಸುವ ಯೋಜನೆ. ಚೂರು ಹಾರದಂತೆ ಅದು ಹಿಡಿದೀತು. ಆದರೆ ಗಾಜನ್ನು ಚೌಕಟ್ಟಿಗೆ ಕಟ್ಟಿ ಹಾಕದಿದ್ದರೆ ಇಡೀ ಹಾಳೆಯೇ ಕಳಚಿ ಒಳಗೆ ಬೀಳುತ್ತೆ, ಚಾವಣಿಯ ಲೆಕ್ಕದಲ್ಲಿ ಎರಡೂ ಒಂದೇ. ಮೇಲಾಗಿ ಇವರು, ಪರ್ಮಿಟ್ ಯಾಕೆ ಸುಮ್ಮನೆ ಖರ್ಚು, ಅಂದಿದ್ದರಂತೆ. ಪರ್ಮಿಟ್ ಇಲ್ಲ ಅಂದರೆ ಇನ್‌ಸ್ಪೆಕ್ಟರ್ ಬರಲ್ಲ. ಆಂಡ್ರೂ ಕಥೆ ಓದಿದವರಿಗೆ ಇದರ ಬಗ್ಗೆ ಬೇರೆ ಹೇಳಬೇಕಿಲ್ಲ.

ಮೂರನೆಯದು ದುಬಾರಿ, ಮೊದಲಿನದರ ಹತ್ತಿರ ಹತ್ತಿರ ಎರಡರಷ್ಟು. ಲ್ಯಾಮಿನೇಟೆಡ್ ಗಾಜು, ಸಾಲಿನ ಮುಂದೆ "ಹೌದು", ಮಯಾಮಿ-ಡೇಡ್ ಜಿಲ್ಲೆಯ ಒಪ್ಪಿಗೆಪತ್ರವೂ ಇದೆ (ಟ್ಯಾಂಪಾಕ್ಕೆ ಅದು ಕಡ್ಡಾಯವಲ್ಲ, ಇದ್ದರೆ ಒಳ್ಳೇದು). ಆ ಪತ್ರಕ್ಕೆ ಅವಧಿ ಮುಗಿಯುವ ದಿನಾಂಕ ಇರುತ್ತೆ. ಕಿಟಕಿ ಎಷ್ಟು ದೊಡ್ಡದಿದ್ದರೆ ಎಷ್ಟು ಒತ್ತಡ ತಡೆಯುತ್ತೆ, ಯಾವ ಸ್ಕ್ರೂ, ಎಷ್ಟು ಇಂಚಿಗೊಂದು ಅಂತ ನಕ್ಷೆ ಇರುತ್ತೆ. ಕಾಕಾನಿಗೆ ಹೇಳಿದೆ, ಮಾಲು ಬಂದಾಗ ಚೌಕಟ್ಟಿನ ಮೇಲಿನ ಕಾಯಂ ಲೇಬಲ್ ಓದಿ ಒಪ್ಪಿಗೆಪತ್ರದ ಜೊತೆ ತಾಳೆ ನೋಡ್ರಿ, ಸ್ಕ್ರೂ ಹಾಕುವಾಗ ಟೇಪ್ ಹಿಡಿದು ಪಕ್ಕದಲ್ಲೇ ನಿಂದರ್ರಿ ಅಂತ. ನಿಂತರು. ಕೆಲಸದ ಹುಡುಗರು ಒಂದು ಕಿಟಕಿಗೆ ಎರಡು ಸ್ಕ್ರೂ ಕಡಿಮೆ ಹಾಕಿದ್ದು ಸಿಕ್ಕಿತು, ಮಾತಾಡದೆ ಹಾಕಿಕೊಟ್ಟರಂತೆ.

ಈಗ ನಮ್ಮ ತೋಟದ ಶೆಡ್ಡಿನ ವಿಷಯ. ಮೂರು ಕಡೆ ಗೋಡೆ, ಪಡುವಣಕ್ಕೆ ತೆರೆದದ್ದು, ಮೇಲೆ ಪತ್ರಾಸು, ಪತ್ರಾಸಿನ ಮೇಲೆ ಹೇರಿದ ಕಲ್ಲು. ಟಿಕೋಟಾ ಕಡೆ ದ್ರಾಕ್ಷಿ ತೋಟಗಳಲ್ಲಿ ಇಂಥವು ಬೇಕಾದಷ್ಟಿವೆ. ಇದಕ್ಕೆ ಹರಿಕೇನ್ ಬೇಕಿಲ್ಲ, ಮೇ ತಿಂಗಳ ಮಳೆಗಾಳಿ ಸಾಕು.

ನಮ್ಮ ದೇಶದ ಗಾಳಿಯ ಸಂಹಿತೆ ಐಎಸ್ 875, ಮೂರನೇ ಭಾಗ, 1987ರದ್ದು, 2015ರಲ್ಲಿ ಪರಿಷ್ಕರಣೆಯಾಯ್ತು. ಡಾರ್ವಿನ್ನಿನ ಪಾಠ ಅದರಲ್ಲೂ ಇದೆ. ಗೋಡೆಯಲ್ಲಿ ಗಂಡಿ ಶೇ. 5ಕ್ಕಿಂತ ಕಡಿಮೆ ಇದ್ದರೆ ಒಳ ಒತ್ತಡದ ಗುಣಕ 0.2, ಶೇ. 20 ದಾಟಿದರೆ 0.7. ನಕ್ಷೆಯಲ್ಲಿ ಇರುವ ಅತಿ ಕಡಿಮೆ ವೇಗ, ಬೆಂಗಳೂರಿಗೆ ಕೊಟ್ಟಿರುವ ಸೆಕೆಂಡಿಗೆ 33 ಮೀಟರ್ ಹಿಡಿದು, ಬೇರೆ ಗುಣಕಗಳನ್ನು ಬಿಟ್ಟು ಲೆಕ್ಕ ಹಾಕಿದೆ. ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 66 ಕಿಲೋ ತೂಕದಷ್ಟು. ಅದರಲ್ಲಿ ಒಳಗಿಂದ ಮೇಲಕ್ಕೆ ನೂಕೋದು ಮುಚ್ಚಿದ ಶೆಡ್ಡಿನಲ್ಲಿ 13 ಕಿಲೋ, ತೆರೆದದ್ದರಲ್ಲಿ 46 ಕಿಲೋ. ಮೇಲಿನಿಂದ ಹೀರೋದು ಬೇರೆ. ಪತ್ರಾಸಿನ ಸ್ವಂತ ತೂಕ ಅಷ್ಟೇ ಜಾಗಕ್ಕೆ ನಾಲ್ಕೈದು ಕಿಲೋ. ನಮ್ಮಜ್ಜನ ಕಾಲದ ಮಣ್ಣಿನ ಮಾಳಿಗೆ ಅರ್ಧ ಅಡಿ ದಪ್ಪ ಇದ್ದರೂ ಇನ್ನೂರೈವತ್ತು ಕಿಲೋ ಮೇಲಾಗುತ್ತೆ. ಅದು ಹಾರಲ್ಲ. (ಹಾಗಂತ ಮಾಳಿಗೆಗೇ ವಾಪಸ್ ಹೋಗೋಣ ಅಂತಲ್ಲ. ಆಂಡ್ರೂ ಬಂದ ಮರುವರ್ಷವೇ, 1993ರ ಸೆಪ್ಟೆಂಬರ್ 30ರಂದು, ಕಿಲ್ಲಾರಿ ಭೂಕಂಪದಲ್ಲಿ ಸಾವಿರಾರು ಜನರನ್ನು ಕೊಂದದ್ದು ಇಂಥದೇ ಭಾರದ ಕಲ್ಲು ಮಣ್ಣಿನ ಮನೆಗಳು.)

ಕಲ್ಲು ಹೇರಿ ನಲವತ್ತಾರು ಕಿಲೋ ಸರಿದೂಗಿಸಬೇಕಂದರೆ ಪತ್ರಾಸೇ ಬಗ್ಗುತ್ತೆ. ಗಾಳಿಗೆ ಅದೇ ಕಲ್ಲು ಜಾರಿ ಕೆಳಗಿದ್ದವರ ಮೇಲೆ ಬೀಳೋದು ಬೇರೆ. ಅಪ್ಪನ ಜೊತೆ ಕೂತು ಲೆಕ್ಕ ತೋರಿಸಿದೆ. ಅಂಕೆಗಳಿಗಿಂತ ಕಾಕಾನ ಸ್ಕ್ರೂ ಕಥೆಯೇ ಅವರಿಗೆ ಹೆಚ್ಚು ಹಿಡಿಸಿತು. ಕಲ್ಲು ಇಳಿಸಿ, ಪತ್ರಾಸಿಗೆ ವಾಷರ್ ಹಾಕಿದ ಜೆ ಬೋಲ್ಟು, ಅಂಚಿನಲ್ಲಿ ಮತ್ತು ಮೂಲೆಯಲ್ಲಿ ಹತ್ತಿರ ಹತ್ತಿರ, ಯಾಕಂದರೆ ಗಾಳಿ ಹೆಚ್ಚು ಹೀರೋದು ಅಲ್ಲೇ. ಅಡ್ಡ ಪೈಪುಗಳನ್ನು ಕಂಬಕ್ಕೆ ವೆಲ್ಡಿಂಗ್ ಮಾಡಿಸಿ, ಕಂಬದ ಬುಡಕ್ಕೆ ಕಾಂಕ್ರೀಟು. ಪಡುವಣದ ಕಡೆ ಗೋಡೆ ಎತ್ತಿಸಿ ಒಂದು ಗಟ್ಟಿ ಬಾಗಿಲು ಇಡೋದು ಮಾತ್ರ ಬಾಕಿ ಇದೆ, ಟ್ರ್ಯಾಕ್ಟರ್ ಒಳಗೆ ಹೋಗೋಕೆ ಜಾಗ ಸಾಲಲ್ಲ ಅಂತ ಅಪ್ಪ ಇನ್ನೂ ಒಪ್ಪಿಲ್ಲ.