ಕ್ರಾಸ್: ಒಂದೇ ಪದ, ಹಲವು ದಾರಿ

ಬೆಂಗಳೂರು: ಮಲ್ಲೇಶ್ವರದ ನಿವಾಸಿಯೊಬ್ಬರು ‘ಎಂಟನೇ ಕ್ರಾಸಿಗೆ ಹೋಗಿ ಬರುತ್ತೇನೆ’ ಎಂದರೆ ಹೂವು, ಹಣ್ಣು, ಹಬ್ಬದ ಸಾಮಾನು ತರಲು ಹೊರಟಿದ್ದಾರೆ ಎಂದೇ ಅರ್ಥ. ಯಾವ ಇಂಗ್ಲಿಷ್ ನಿಘಂಟಿನಲ್ಲಿಯೂ ಈ ಅರ್ಥ ದೊರೆಯುವುದಿಲ್ಲ. ಇಂಗ್ಲಿಷಿನಿಂದ ಬಂದ ‘ಕ್ರಾಸ್’ ಪದವನ್ನು ಕನ್ನಡ ಇಡಿಯಾಗಿ ಸ್ವೀಕರಿಸಿಲ್ಲ. ತನಗೆ ಬೇಕಾದ ಅರ್ಥಗಳನ್ನಷ್ಟೇ ಆರಿಸಿಕೊಂಡಿದೆ.

ಪದದ ಮೂಲ

ಲ್ಯಾಟಿನ್ ಭಾಷೆಯ ‘ಕ್ರುಕ್ಸ್’ ಎಂಬುದು ಈ ಪದದ ಮೂಲ. ಮೊದಲ ಅರ್ಥ ಶಿಲುಬೆ. ಒಂದರ ಮೇಲೊಂದು ಅಡ್ಡಲಾಗಿ ಹಾಯುವ ಎರಡು ಗೆರೆಗಳ ಆಕಾರದಿಂದ ಅಡ್ಡ ಹಾಯುವುದು, ದಾಟುವುದು, ಎದುರಾಗುವುದು, ಬೆರೆಯುವುದು ಮುಂತಾದ ಅರ್ಥಗಳು ಕವಲೊಡೆದವು. ಕನ್ನಡದ ‘ಶಿಲುಬೆ’ ಮಾತ್ರ ಲ್ಯಾಟಿನ್ ಸಂತತಿಯದಲ್ಲ, ಸಿರಿಯಾಕ್ ಮೂಲದ್ದು. ಕರಾವಳಿಯ ಕೊಂಕಣಿ ಕ್ರೈಸ್ತರ ‘ಖುರಿಸ್’ ಪೋರ್ಚುಗೀಸರಿಂದ ಬಂದದ್ದು.

ಬಡಾವಣೆಯ ಕ್ರಾಸ್

ಹಳೆಯ ಪೇಟೆಯ ಬೀದಿಗಳನ್ನು ಕಸುಬು, ಸರಕುಗಳ ಹೆಸರಿನಿಂದ ಗುರುತಿಸಲಾಗುತ್ತಿತ್ತು. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆಗಳು ಇದಕ್ಕೆ ಸಾಕ್ಷಿ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗ್ ಪಿಡುಗಿನ ಕಾಲದಲ್ಲಿ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ನೇರವಾದ ರಸ್ತೆಗಳ ಯೋಜಿತ ವಿನ್ಯಾಸ ಹೊಂದಿದ್ದವು. ಉದ್ದನೆಯ ರಸ್ತೆ ‘ಮೇನ್’, ಅದಕ್ಕೆ ಅಡ್ಡಲಾದದ್ದು ‘ಕ್ರಾಸ್’ ಎಂಬ ಎಣಿಕೆ ನಗರದಲ್ಲಿ ಬೇರೂರಿತು. ಮಲ್ಲೇಶ್ವರದ ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆಗಳಿಗೆ ಮರಗಳ ಹೆಸರು (ಮಾರ್ಗೋಸಾ ಎಂದರೆ ಬೇವು). ಅವೆರಡನ್ನು ಕೂಡಿಸುವ ಕ್ರಾಸ್‌ಗಳಿಗೆ ಸಂಖ್ಯೆ.

ಲಂಡನ್ನಿನ ‘ಚೇರಿಂಗ್ ಕ್ರಾಸ್’ ಹೆಸರು ಅಲ್ಲಿದ್ದ ಸ್ಮಾರಕ ಶಿಲುಬೆಯಿಂದ ಬಂದದ್ದು. ಬೆಂಗಳೂರಿನ ಕ್ರಾಸ್‌ನಲ್ಲಿ ಶಿಲುಬೆಯೂ ಇಲ್ಲ, ಅದು ಕೇವಲ ಕೂಡುರಸ್ತೆಯೂ ಅಲ್ಲ. ಸಾಲು ಮನೆಗಳಿರುವ ಇಡೀ ಬೀದಿಯೇ ಕ್ರಾಸ್. ಆದ್ದರಿಂದಲೇ ‘ನಮ್ಮ ಮನೆ ಏಳನೇ ಕ್ರಾಸಿನಲ್ಲಿದೆ’ ಎನ್ನುವುದು ಸಹಜವಾಗಿ ಕೇಳಿಸುತ್ತದೆ. ನಗರ ಬಿಟ್ಟರೆ ಅರ್ಥ ಪುನಃ ಬದಲಾಗುತ್ತದೆ. ನೆಲಮಂಗಲದ ಕುಣಿಗಲ್ ಕ್ರಾಸ್, ಹಾವೇರಿ ಜಿಲ್ಲೆಯ ತಡಸ ಕ್ರಾಸ್‌ಗಳಲ್ಲಿ ಕ್ರಾಸ್ ಎಂದರೆ ಹೆದ್ದಾರಿಯಿಂದ ಬೇರೊಂದು ದಾರಿ ಕವಲೊಡೆಯುವ, ಬಸ್ಸು ನಿಲ್ಲುವ ಸ್ಥಳ.

ಬ್ಯಾಂಕು, ನ್ಯಾಯಾಲಯ, ರೈಲು

ಚೆಕ್ಕಿನ ಮುಖದ ಮೇಲೆ ಓರೆಯಾಗಿ ಎರಡು ಸಮಾನಾಂತರ ಗೆರೆಗಳನ್ನು ಎಳೆದರೆ ಅದು ‘ಕ್ರಾಸ್’ ಆದ ಚೆಕ್. ಒಂದನ್ನೊಂದು ಎಂದೂ ಸೇರದ ಗೆರೆಗಳಿಗೆ ಈ ಹೆಸರು ಬಂದದ್ದು ಅವು ಚೆಕ್ಕಿಗೆ ಅಡ್ಡಲಾಗಿ ಹಾಯುವುದರಿಂದ. 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಂತೆ ಇಂಥ ಚೆಕ್ಕಿನ ಹಣವನ್ನು ಬ್ಯಾಂಕ್ ಮೂಲಕವೇ ಪಡೆಯಬೇಕು, ಕೌಂಟರಿನಲ್ಲಿ ನಗದಾಗಿ ನೀಡುವಂತಿಲ್ಲ. ಇದನ್ನು ‘ರದ್ದು’ ಎಂದು ತಿಳಿಯುವುದು ತಪ್ಪು. ಬರಹವನ್ನು ಗೀಟು ಹಾಕಿ ಹೊಡೆದುಹಾಕುವುದು ಇದೇ ಪದದ ಬೇರೊಂದು ಅರ್ಥ.

ನ್ಯಾಯಾಲಯದಲ್ಲಿ ಒಂದು ಪಕ್ಷದ ಸಾಕ್ಷಿಯನ್ನು ಎದುರು ಪಕ್ಷದ ವಕೀಲರು ಪ್ರಶ್ನಿಸುವುದು ‘ಕ್ರಾಸ್’, ಕನ್ನಡದಲ್ಲಿ ‘ಪಾಟೀಸವಾಲು’. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದು ಮುಂದುವರಿದಿದೆ. ಪಕ್ಷದ ಸೂಚನೆ ಮೀರಿ ಎದುರು ಪಕ್ಷದ ಅಭ್ಯರ್ಥಿಗೆ ಮತ ಹಾಕುವುದು ‘ಅಡ್ಡ ಮತದಾನ’. 2024ರ ಫೆಬ್ರುವರಿಯ ರಾಜ್ಯಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಈ ಪದ ಹೆಚ್ಚು ಕೇಳಿಬಂದಿತು. ಒಂಟಿ ಹಳಿಯ ಮಾರ್ಗದಲ್ಲಿ ಎದುರಿನ ರೈಲಿಗೆ ದಾರಿ ಬಿಟ್ಟು ನಿಲ್ಲುವುದು ‘ಕ್ರಾಸಿಂಗ್’. ಹೈನುಗಾರರ ಮಾತಿನಲ್ಲಿ ‘ಕ್ರಾಸ್’ ಎಂದರೆ ಮಿಶ್ರತಳಿ.

ನುಡಿಗಟ್ಟುಗಳಿಗೆ ಎರವಲು ಬೇಡ

ಪದ ಬಂದರೂ ಅದರ ನುಡಿಗಟ್ಟುಗಳು ಕನ್ನಡಕ್ಕೆ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಇಬ್ಬರು ‘ಕ್ರಾಸ್ ಪರ್ಪಸ್’ನಲ್ಲಿದ್ದಾರೆ ಎನ್ನುವಲ್ಲಿ ಕನ್ನಡಿಗರು ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎನ್ನುತ್ತಾರೆ. ‘ಡಬಲ್ ಕ್ರಾಸ್’ ಮಾಡುವುದು ನಂಬಿಸಿ ಕತ್ತು ಕೊಯ್ಯುವುದು. ‘ಫಿಂಗರ್ಸ್ ಕ್ರಾಸ್ಡ್’ ಎಂಬುದನ್ನು ಬೆರಳಿಗೆ ಬೆರಳು ಅಡ್ಡ ಹಾಕುವುದೆಂದು ಅನುವಾದಿಸಿದರೆ ಅರ್ಥ ಹೊಮ್ಮದು. ಒಳಿತಾಗಲೆಂದು ಹಾರೈಸುವುದು ಅದರ ತಾತ್ಪರ್ಯ. ‘ಕ್ರಾಸ್’ ಪದಕ್ಕೆ ಸಿಡಿಮಿಡಿಗೊಂಡ ಎಂಬ ಅರ್ಥವೂ ಇಂಗ್ಲಿಷಿನಲ್ಲಿದ್ದು, ಅದು ನಮ್ಮ ಆಡುಮಾತಿಗೆ ಇಳಿದಿಲ್ಲ.

ಇದಕ್ಕೆ ಸಂವಾದಿಯಾದ ‘ಅಡ್ಡ’ ಪದದ ಸಂಪತ್ತು ಕಡಿಮೆಯದಲ್ಲ. ಅಡ್ಡದಾರಿ ಹಿಡಿದವನು ಕೆಟ್ಟವನು, ಅಡ್ಡಬಿದ್ದವನು ವಿನೀತನು. ಅಡ್ಡಕಸುಬಿ ಎಂದರೆ ಕಸುಬಿನಲ್ಲಿ ನುರಿತವನಲ್ಲ. ಅಡ್ಡಹೆಸರು, ಅಡ್ಡಪರಿಣಾಮ, ಅಡ್ಡಗಟ್ಟು ಎಲ್ಲವೂ ಇದೇ ಬೇರಿನವು. ಎತ್ತಲೂ ಸ್ಪಷ್ಟವಾಗದ ಮಾತು ‘ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ’. ಈ ಪೈಕಿ ಒಂದನ್ನಾದರೂ ‘ಕ್ರಾಸ್’ ಎಂದು ಬದಲಿಸಲಾಗದು.

ವಿಳಾಸ ಬರೆಯುವಾಗ

ಬೀದಿಯ ಫಲಕ ‘ಅಡ್ಡರಸ್ತೆ’ ಎನ್ನುತ್ತದೆ, ದಾರಿಹೋಕರು ‘ಕ್ರಾಸ್’ ಎನ್ನುತ್ತಾರೆ. ಎರಡೂ ಒಂದೇ ಎಂಬುದು ಹೊಸದಾಗಿ ನಗರಕ್ಕೆ ಬಂದವರಿಗೆ ತಿಳಿದಿರಲಿ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ‘ಎಂಟನೇ ಕ್ರಾಸ್’ ಎಂಬುದು ನಗರದ ಹಲವು ಬಡಾವಣೆಗಳಲ್ಲಿದೆ. ಆಂಬ್ಯುಲೆನ್ಸ್ ಇಲ್ಲವೇ ಅಗ್ನಿಶಾಮಕ ದಳಕ್ಕೆ ಕರೆ ಮಾಡುವವರು ಬಡಾವಣೆ, ಮೇನ್ ಹಾಗೂ ಕ್ರಾಸ್ ಮೂರನ್ನೂ ತಿಳಿಸಿ, ಹತ್ತಿರದ ಗುರುತನ್ನೂ ಹೇಳುವುದು ಒಳಿತು. ಕ್ರಾಸ್‌ನ ಸಂಖ್ಯೆಯನ್ನಷ್ಟೇ ಹೇಳಿದರೆ ವಾಹನ ಬೇರೊಂದು ಬಡಾವಣೆಯ ಅದೇ ಸಂಖ್ಯೆಯ ಬೀದಿಗೆ ಹೋಗಿ ನಿಂತೀತು.